‘ಚೌಕದ ಊಟ’ ಮತ್ತು ಹದಿಮೂರನೆಯ ಬ್ರೆಡ್ಡು

ಹೊಟ್ಟೆ ತುಂಬ ಉಂಡ ಊಟವನ್ನು ಇಂಗ್ಲಿಷರು ‘ಸ್ಕ್ವೇರ್ ಮೀಲ್’ ಎನ್ನುತ್ತಾರೆ. ಪದಕ್ಕೆ ಪದ ಇಟ್ಟು ಕನ್ನಡಿಸಿದರೆ ‘ಚೌಕದ ಊಟ’ ಎಂದಾಗಿ ನಗು ಬರುತ್ತದೆ. ಊಟಕ್ಕೂ ನಾಲ್ಕು ಮೂಲೆಗೂ ಏನು ನಂಟು?

ಇದಕ್ಕೊಂದು ಜನಪ್ರಿಯ ಕಥೆಯಿದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳಲ್ಲಿ ನಾವಿಕರಿಗೆ ಚೌಕಾಕಾರದ ಮರದ ತಟ್ಟೆಯಲ್ಲಿ ಬಡಿಸುತ್ತಿದ್ದರಂತೆ. ಮಾತು ಅಲ್ಲಿಂದ ಬಂತಂತೆ. ಕಥೆ ಸೊಗಸಾಗಿದೆ, ಪುರಾವೆ ಮಾತ್ರ ಇಲ್ಲ. ಈ ನುಡಿಗಟ್ಟು ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು 19ನೇ ಶತಮಾನದ ಮಧ್ಯಭಾಗದ ಅಮೆರಿಕದಲ್ಲಿ. 1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿತು. ಅಲ್ಲಿಗೆ ನುಗ್ಗಿದ ಜನಕ್ಕೆ ಅನ್ನ ಮಾರಿದ ಊಟದ ಮನೆಗಳು ಗಿರಾಕಿಗಳನ್ನು ಕರೆಯಲು ಈ ಮಾತನ್ನು ಬಳಸಿದವು.

ಗುಟ್ಟಿರುವುದು ಬಡಗಿಯ ಮೂಲೆಮಟ್ಟದಲ್ಲಿ. ಅದಕ್ಕೂ ಇಂಗ್ಲಿಷಿನಲ್ಲಿ ‘ಸ್ಕ್ವೇರ್’ ಎಂದೇ ಹೆಸರು. ಮೂಲೆಮಟ್ಟಕ್ಕೆ ಸರಿಹೊಂದಿದ್ದು ಓರೆಯಿಲ್ಲದ್ದು. ಹೀಗಾಗಿ 16ನೇ ಶತಮಾನದಿಂದಲೇ ಆ ಪದಕ್ಕೆ ‘ಪ್ರಾಮಾಣಿಕ’, ‘ನ್ಯಾಯವಾದ’ ಎಂಬ ಅರ್ಥವೂ ಸೇರಿತ್ತು. ‘ಸ್ಕ್ವೇರ್ ಡೀಲ್’ ಎಂದರೆ ಮೋಸವಿಲ್ಲದ ವ್ಯವಹಾರ. ‘ಸ್ಕ್ವೇರ್ ಮೀಲ್’ ಎಂದರೆ ಕೊಟ್ಟ ಕಾಸಿಗೆ ತಕ್ಕ ಊಟ.

ಅಳತೆಯಲ್ಲಿ ಮೋಸಹೋಗುವ ಭಯ ಇಂಗ್ಲೆಂಡಿನಲ್ಲಿ ಬಹು ಹಳೆಯದು. 13ನೇ ಶತಮಾನದಲ್ಲಿ, ಮೂರನೆಯ ಹೆನ್ರಿಯ ಆಳ್ವಿಕೆಯಲ್ಲಿ, ಬ್ರೆಡ್ಡಿನ ತೂಕವನ್ನು ಧಾನ್ಯದ ಬೆಲೆಗೆ ಗಂಟುಹಾಕಿದ ಕಾನೂನು ಬಂತು. ಧಾನ್ಯ ತುಟ್ಟಿಯಾದರೆ ಅದೇ ಕಾಸಿನ ಬ್ರೆಡ್ಡು ಚಿಕ್ಕದಾಗಬಹುದಿತ್ತು. ಆದರೆ ಗೊತ್ತುಪಡಿಸಿದ ತೂಕಕ್ಕಿಂತ ಕಡಿಮೆ ಇರುವಂತಿರಲಿಲ್ಲ. ತಪ್ಪಿದ ಬೇಕರಿಯವನಿಗೆ ದಂಡ, ಮತ್ತೆ ತಪ್ಪಿದರೆ ಸಾರ್ವಜನಿಕ ಅವಮಾನದ ಶಿಕ್ಷೆ. ಆ ಹೆದರಿಕೆಯಿಂದಲೇ ಹನ್ನೆರಡು ಕೇಳಿದವರಿಗೆ ಒಂದನ್ನು ಹೆಚ್ಚಿಗೆ ಕೊಡುವ ರೂಢಿ ಬಂತು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ‘ಬೇಕರ್ಸ್ ಡಜನ್’ ಎಂದರೆ ಇಂದಿಗೂ 13.

ಇನ್ನೂ ಹಿಂದಕ್ಕೆ ಹೋದರೆ ‘ಲಾರ್ಡ್’ ಎಂಬ ಪದವೇ ಸಾಕ್ಷಿ ನುಡಿಯುತ್ತದೆ. ಹಳೆಯ ಇಂಗ್ಲಿಷಿನ ‘ಹ್ಲಾಫ್‌ವೇರ್ಡ್’ ಸವೆದು ಹಾಗಾಯಿತು. ಅರ್ಥ, ಬ್ರೆಡ್ಡನ್ನು ಕಾಯುವವನು. ‘ಲೇಡಿ’ಯ ಮೂಲಾರ್ಥ ಹಿಟ್ಟು ನಾದುವವಳು. ಆ ಮನೆಯ ಆಳಿಗೆ ಇದ್ದ ಹೆಸರು ‘ಬ್ರೆಡ್ಡು ತಿನ್ನುವವನು’. ಮೊದಲೆರಡು ಪದಗಳು ಬಿರುದುಗಳಾಗಿ ಉಳಿದವು, ಮೂರನೆಯದು ಬಳಕೆಯಿಂದ ಬಿದ್ದುಹೋಯಿತು.

ಆದರೆ ದುಡಿಯುವವರ ಮಾತು ಪೂರ್ತಿ ಅಳಿಯಲಿಲ್ಲ. ಗಂಜಿ, ಮಾಂಸದ ಸಾರಿನಂಥ ಗಟ್ಟಿ ಆಹಾರವನ್ನು ‘ಪಕ್ಕೆಲುಬಿಗೆ ಅಂಟಿಕೊಳ್ಳುವ ಊಟ’ ಎನ್ನುವುದು ಇಂಗ್ಲಿಷಿನ ಇನ್ನೊಂದು ವಾಡಿಕೆ. ಕೆಲಸ ಮುಗಿಯುವ ಮುನ್ನ ಹಸಿವು ಮರಳಬಾರದು ಎಂಬುದೇ ಅದರ ತಾತ್ಪರ್ಯ. ‘ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ’ ಎನ್ನುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತುಂಬಿದ ಹೊಟ್ಟೆಯನ್ನು ಹೊಗಳುವ ಈ ಮಾತುಗಳೆಲ್ಲ, ಮುಂದಿನ ಊಟದ ಭರವಸೆ ಇಲ್ಲದವರ ಬದುಕಿನಿಂದ ಬಂದವು. ‘ಸ್ಕ್ವೇರ್ ಮೀಲ್’ ಅನ್ನು ಬರೀ ‘ಭರ್ಜರಿ ಊಟ’ ಎಂದು ಅನುವಾದಿಸಿದರೆ ಹೊಟ್ಟೆಯೇನೋ ತುಂಬುತ್ತದೆ, ನ್ಯಾಯದ ಮಾತು ಹೊರಗೇ ಉಳಿಯುತ್ತದೆ.