ವಿಶ್ವಾಸವೂ ಆರೋಗ್ಯವೂ

 

ಬಹುಕಾಲ ವ್ಯಾಧಿಪೀಡಿತನಾದ ಭಕ್ತನು, ತನ್ನ ನಂಬುಗೆಯಲ್ಲಿ ಕೊರತೆಯಿರುವುದರಿಂದಲೇ ಗುಣವಾಗಲಿಲ್ಲವೋ ಎಂದು ಮನಸ್ಸಿನಲ್ಲಿ ಕುದಿಯುವುದುಂಟು. ಈ ಸಂಕಟವು ಕ್ರೈಸ್ತ ಅನುಭಾವಿಗಳನ್ನೂ ಕಾಡಿತು. ಅವರ ವಿಚಾರದಲ್ಲಿ ನಮಗೆ ಗ್ರಾಹ್ಯವಾದುದೆಷ್ಟೆಂಬುದನ್ನು ಇಂದು ನಿವೇದಿಸಿಕೊಳ್ಳುವೆನು.

ಹನ್ನೆರಡು ವರುಷ ರಕ್ತಸ್ರಾವದಿಂದ ನರಳಿದ ಸ್ತ್ರೀಯೊಬ್ಬಳು ಯೇಸುವಿನ ವಸ್ತ್ರವನ್ನು ಮುಟ್ಟಿ ಗುಣಹೊಂದಿದಳೆಂದು ಮಾರ್ಕನ ಸುವಾರ್ತೆಯು ಹೇಳುತ್ತದೆ. ಆಗ ಯೇಸುವು ಆ ಹಿರಿಮೆಯನ್ನು ವಸ್ತ್ರಕ್ಕೆ ಕೊಡದೆ ಅವಳ ವಿಶ್ವಾಸಕ್ಕೇ ಕೊಟ್ಟನು. ಸ್ವಾಸ್ಥ್ಯದ ಬೀಜವು ಅಂತರಂಗದಲ್ಲಿರುವುದೆಂಬ ತತ್ತ್ವಕ್ಕೆ ಇದೇ ಮೂಲವು.

ಅಮೆರಿಕದ ಮೇರಿ ಬೇಕರ್ ಎಡ್ಡಿಯವರು 1866ರಲ್ಲಿ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಹಾಸಿಗೆ ಹಿಡಿದಿದ್ದಾಗ, ಸುವಾರ್ತೆಯನ್ನೋದುತ್ತ ಚೇತರಿಸಿಕೊಂಡುದಾಗಿ ಹೇಳಿದರು. 1875ರಲ್ಲಿ ಗ್ರಂಥವನ್ನು ಪ್ರಕಟಿಸಿ, 1879ರಲ್ಲಿ ಪ್ರತ್ಯೇಕ ಸಭೆಯನ್ನೇ ಸ್ಥಾಪಿಸಿದರು. ಪರಮಾತ್ಮನೊಬ್ಬನೇ ಸತ್ಯ, ರೋಗವು ಮನಸ್ಸಿನ ಭ್ರಾಂತಿ ಎಂಬುದು ಅವರ ಸಿದ್ಧಾಂತವು.

ಇಲ್ಲಿ ನಾವು ನಿಂತು ಯೋಚಿಸಬೇಕು. ನಮಗೆ ಕಾಯವು ಭ್ರಾಂತಿಯಲ್ಲ. ಅದು ಲಿಂಗಕ್ಕೆ ನೆಲೆ, ಕಾಯಕಕ್ಕೆ ಸಾಧನ. ಮೇಲಾಗಿ ರೋಗವೆಲ್ಲ ಭ್ರಾಂತಿಯೆಂದರೆ ರೋಗಿಯೇ ಅಪರಾಧಿಯಾಗುವನು! ಹುಟ್ಟುಗುರುಡನನ್ನು ಕಂಡು, ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲವೆಂದು ಯೇಸುವೇ ಉತ್ತರಿಸಿದನು. ಸಂತ ಪೌಲನು ತನ್ನ ಒಡಲ ಮುಳ್ಳು ತೊಲಗಲೆಂದು ಮೂರು ಸಲ ಪ್ರಾರ್ಥಿಸಿದರೂ ಅದು ತೊಲಗಲಿಲ್ಲ. ಅದನ್ನು ತಾಳುವ ಬಲವು ದೊರೆಯಿತು.

ನಮ್ಮ ಜಿಲ್ಲೆಯಲ್ಲಿಯೂ ಇದಕ್ಕೆ ನಿದರ್ಶನವುಂಟು. ವೆಸ್ಲಿಯನ್ ಮಿಷನ್ನಿನ ವಿಲಿಯಂ ಆರ್ಥರ್ ಎಂಬ ತರುಣನು 1839ರಲ್ಲಿ ಗುಬ್ಬಿಗೆ ಬಂದನು. ಅವನ ವಿಶ್ವಾಸಕ್ಕೆ ಕೊರತೆಯಿರಲಿಲ್ಲ. ಆದರೂ ಆರೋಗ್ಯ ಕೆಟ್ಟು 1841ರಲ್ಲಿ ಸ್ವದೇಶಕ್ಕೆ ಮರಳಬೇಕಾಯಿತು. ಅವನೇ 1856ರಲ್ಲಿ ಪವಿತ್ರಾತ್ಮನ ಶಕ್ತಿಯನ್ನು ಕುರಿತು ‘ದಿ ಟಂಗ್ ಆಫ್ ಫೈರ್’ ಎಂಬ ಗ್ರಂಥವನ್ನು ಬರೆದನು. ಶರೀರವು ಸೋತರೂ ಒಳಗಿನ ಜ್ಯೋತಿಯು ನಂದಲಿಲ್ಲ. ಅದೇ ಮಿಷನ್ನಿನವರು ಬರಿಯ ಪ್ರಾರ್ಥನೆಯಲ್ಲಿಯೇ ನಿಲ್ಲದೆ, 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ತೆರೆದರು. ವಿಶ್ವಾಸಕ್ಕೂ ಔಷಧಕ್ಕೂ ಹಗೆಯಿಲ್ಲವೆಂಬುದಕ್ಕೆ ಬೇರೆ ಸಾಕ್ಷಿಯೇಕೆ?

ತೆಂಗಿನ ಸೀಮೆಯವರಾದ ತಮಗೆ ಇದು ಸುಲಭವಾಗಿ ತಿಳಿದೀತು. ನುಸಿ ತಗುಲಿದ ಮರಕ್ಕೆ ಬೇರಿನ ಮೂಲಕ ಔಷಧವನ್ನುಣಿಸುತ್ತೀರಿ. ಆಗಲೇ ಗಾಯಗೊಂಡ ಕಾಯಿಯ ಕಲೆಯು ಅಳಿಯದು. ಆದರೂ ಮುಂದಿನ ಗೊನೆಯ ಆಸೆಯಿಂದ ಮರವನ್ನು ಸಲಹುತ್ತೀರಿ. ಕಲೆಯುಳ್ಳ ಕಾಯಿಯನ್ನು ಕಂಡು ಬೇರೇ ಸತ್ತಿತೆಂದು ಯಾವ ತೋಟಗಾರನೂ ಮರವನ್ನು ಕಡಿಯನು. ವಿಶ್ವಾಸವು ಬೇರು, ವ್ಯಾಧಿಯು ಕಾಯಿಯ ಮೇಲಣ ಕಲೆ.

ಆದುದರಿಂದ ವಿಭೂತಿಯನ್ನು ಧರಿಸಿರಿ, ವೈದ್ಯನಿತ್ತ ಔಷಧವನ್ನೂ ಸೇವಿಸಿರಿ. ಗುಣವಾದವನು ಗರ್ವಪಡದಿರಲಿ, ಗುಣವಾಗದವನು ತನ್ನನ್ನು ಹಳಿದುಕೊಳ್ಳದಿರಲಿ. ನೆರೆಯವರು ರೋಗಿಯ ಭಕ್ತಿಯನ್ನು ಅಳೆಯುವುದನ್ನು ಬಿಟ್ಟು, ಅವನಿಗೆ ಗಂಜಿಯನ್ನು ಕಾಯಿಸಿಕೊಡಲಿ. ಅದೂ ದಾಸೋಹವೇ.