ಎಂಡೋಸಲ್ಫಾನ್: ಆದೇಶ ಬಂತು, ದುಡ್ಡು ಎಲ್ಲಿ?

ಹೋದ ವಾರ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು: "ಎಂಡೋಸಲ್ಫಾನ್ ಕೇಸ್ ಮುಗೀತಲ್ವಾ? ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸ್ತಲ್ಲ?" ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದೇಶ ಆಯ್ತು ಅಂದ್ರೆ ದುಡ್ಡೂ ಬಂತು ಅಂತ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕಾಸರಗೋಡಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್‌ನ ಗೇರು ತೋಟಗಳಿವೆ. ಟೀ ಸೊಳ್ಳೆ ಅನ್ನೋ ಕೀಟವನ್ನು ಕೊಲ್ಲೋಕೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟ ಮೇಲೆ, ಮನೆಗಳು ಕೆಳಗೆ. ಕುಡಿಯೋದು ತೋಡಿನ ನೀರು, ಸುರಂಗದ ನೀರು. ಎಣ್ಮಕಜೆಯ ಪಡ್ರೆ ಅಂದ್ರೆ ನಮ್ಮ ಕನ್ನಡದ್ದೇ ಊರು. ಇಷ್ಟು ಸಣ್ಣ ಊರಲ್ಲಿ ಇಷ್ಟೊಂದು ನರರೋಗ, ಕ್ಯಾನ್ಸರ್, ಹುಟ್ಟಿನಿಂದಲೇ ಅಂಗವೈಕಲ್ಯ ಯಾಕೆ ಅಂತ ಅಲ್ಲಿನ ಡಾ. ವೈ.ಎಸ್. ಮೋಹನ ಕುಮಾರ್ ಪ್ರಶ್ನೆ ಎತ್ತಿದರು. ಪತ್ರಕರ್ತ ಶ್ರೀಪಡ್ರೆ ಬರೆದರು.

2011ರ ಮೇ 13ಕ್ಕೆ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಷೇಧಿಸಿತು. 2017ರ ಜನವರಿ 10ಕ್ಕೆ, ಮೂರು ತಿಂಗಳೊಳಗೆ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಕೇರಳಕ್ಕೆ ಹೇಳಿತು.

ಆಮೇಲೇನಾಯ್ತು? 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಲೆಕ್ಕ ಕೇಳಿತು. ಪಟ್ಟಿಯಲ್ಲಿದ್ದವರು 3,700ಕ್ಕೂ ಹೆಚ್ಚು. ಅದರಲ್ಲಿ 102 ಜನ ಹಾಸಿಗೆ ಬಿಟ್ಟು ಏಳಲಾಗದವರು. ದುಡ್ಡು ಸಿಕ್ಕಿದ್ದು ಎಂಟೇ ಜನಕ್ಕೆ! ಆ ಎಂಟು ಜನ ಯಾರು ಗೊತ್ತಾ? ನ್ಯಾಯಾಂಗ ನಿಂದನೆ ಅರ್ಜಿ ಹಾಕಿ ಮತ್ತೆ ಕೋರ್ಟ್ ಮೆಟ್ಟಿಲು ಹತ್ತಿದವರು. ಹಾಸಿಗೆ ಹಿಡಿದವರು ದೆಹಲಿಗೆ ಹೇಗೆ ಹೋಗ್ತಾರೆ ಹೇಳಿ. ಕೋರ್ಟ್ ಬೈದ ಮೇಲೆ ಕೇರಳ ಹಣ ಬಿಡುಗಡೆ ಮಾಡಿತು, ಅದನ್ನೂ ಹೇಳಬೇಕು.

ನನಗೆ ಇನ್ನೂ ಸಿಟ್ಟು ಬರೋದು ಪಟ್ಟಿಯ ವಿಷಯಕ್ಕೆ. ಔಷಧಿ ಸಿಂಪಡಿಸಿದ್ದು ಸರ್ಕಾರದ್ದೇ ಕಂಪನಿ. ಸಂತ್ರಸ್ತರು ಯಾರು ಅಂತ ತೀರ್ಮಾನಿಸೋದೂ ಸರ್ಕಾರದ್ದೇ ವೈದ್ಯಕೀಯ ಶಿಬಿರ. ಶಿಬಿರದಲ್ಲಿ ಹೆಸರು ಬರದಿದ್ರೆ ಪರಿಹಾರದ ಮಾತೇ ಇಲ್ಲ. 2017ರ ಶಿಬಿರದ ನಂತರ ಬಿಟ್ಟುಹೋದ ಮಕ್ಕಳನ್ನು ಸೇರಿಸಿ ಅಂತ 2019ರಲ್ಲಿ ತಾಯಂದಿರು ಮಕ್ಕಳನ್ನು ಕರ್ಕೊಂಡು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಧರಣಿ ಕೂತರು. ಕಾಸರಗೋಡು ರಾಜ್ಯದ ಒಂದು ತುದಿ, ತಿರುವನಂತಪುರ ಇನ್ನೊಂದು ತುದಿ. ಎದ್ದು ಕೂರಲಾಗದ ಮಗುವಿನ ಜೊತೆ ಆ ರೈಲು ಪ್ರಯಾಣ ಹೇಗಿರುತ್ತೆ, ಯೋಚಿಸಿ.

ಗಡಿಯ ಈಚೆಗೂ ಇದೇ ಕಥೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ. ಇಲ್ಲಿ ಸಿಂಪಡಿಸಿದ್ದು ಕರ್ನಾಟಕದ ಗೇರು ಅಭಿವೃದ್ಧಿ ನಿಗಮ. ಔಷಧಿ ಅದೇ, ಹೆಲಿಕಾಪ್ಟರೂ ಅದೇ ಥರದ್ದು. ಆದರೆ 2017ರ ಆ 5 ಲಕ್ಷದ ಆದೇಶ ಕೇರಳಕ್ಕೆ ಮಾತ್ರ. ಕೊಕ್ಕಡದವರಿಗೆ ಬರೋದು ಮಾಸಾಶನ, ಅದೂ ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಸರ್ಟಿಫಿಕೇಟ್ ನೋಡಿ.