ಬಸ್ಸಿನಲ್ಲಿ ಬರುವಾಗ ರೋಗ ಹರಡದಿರಲಿ
(ಹೊರರೋಗಿಗಳಿಗೆ ಹಾಗೂ ಅವರ ಕಡೆಯವರಿಗೆ ನೀಡಿದ ಆರೋಗ್ಯ ಶಿಕ್ಷಣ ಉಪನ್ಯಾಸ)



ಇಲ್ಲಿ ಕುಳಿತಿರುವ ತಮ್ಮಲ್ಲಿ ಹೆಚ್ಚಿನವರು ಬಸ್ಸಿನಲ್ಲಿ ಬಂದವರು. ಶಂಕರನಾರಾಯಣ, ಹಾಲಾಡಿ, ಅಮಾಸೆಬೈಲು, ಹೊಸಂಗಡಿ, ಯಾವ ಕಡೆಯಿಂದ ಸಿದ್ದಾಪುರಕ್ಕೆ ಬರುವುದಿದ್ದರೂ ಬಹಳ ಜನರಿಗೆ ಬಸ್ಸೇ ಆಧಾರ. ಅದೇ ಬಸ್ಸಿನಲ್ಲಿ ಶಾಲೆಯ ಮಕ್ಕಳು, ಹಸುಗೂಸನ್ನು ಎತ್ತಿಕೊಂಡ ತಾಯಂದಿರು, ವಯಸ್ಸಾದವರು ಇರುತ್ತಾರೆ. ಕಾಯಿಲೆಯವರು ಬಸ್ಸು ಹತ್ತಬಾರದು ಎಂದರೆ ಅವರು ಆಸ್ಪತ್ರೆಗೆ ಬರುವುದು ಹೇಗೆ? ಆದ್ದರಿಂದ ಕಾಯಿಲೆಯವರು ಬರಬೇಕು, ಆದರೆ ಅವರ ಕಾಯಿಲೆ ಇನ್ನೊಬ್ಬರ ಮನೆಗೆ ಹೋಗಬಾರದು.

ಬಸ್ಸಿನಲ್ಲಿ ರೋಗ ಮುಖ್ಯವಾಗಿ ಎರಡು ದಾರಿಯಲ್ಲಿ ಹರಡುತ್ತದೆ. ಒಂದು, ಗಾಳಿ. ಕೆಮ್ಮಿದಾಗ, ಸೀನಿದಾಗ ಹೊರಬೀಳುವ ಸಣ್ಣ ಹನಿಗಳಿಂದ ಫ್ಲೂ, ಕೊರೋನಾ, ಕ್ಷಯ, ದಡಾರ ಹರಡುತ್ತವೆ. ದಡಾರದ ವೈರಾಣು ರೋಗಿ ಎದ್ದು ಹೋದ ಮೇಲೂ 2 ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ಮಕ್ಕಳಿಗೆ 9 ತಿಂಗಳಿಗೆ ಮತ್ತು 16 ತಿಂಗಳ ನಂತರ ಹಾಕುವ ಲಸಿಕೆಯನ್ನು ತಪ್ಪಿಸಬಾರದು ಎನ್ನುವುದು ಇದಕ್ಕಾಗಿಯೇ. ಎರಡನೆಯದು, ಕೈ. ಕಂಬಿ ಹಿಡಿದ ಕೈಯಿಂದ ಕಣ್ಣು ಉಜ್ಜಿದರೆ ಕೆಂಗಣ್ಣು ಬರಬಹುದು, ಅದೇ ಕೈಯಿಂದ ತಿಂದರೆ ವಾಂತಿಭೇದಿ ಬರಬಹುದು.

2020ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಬಸ್ಸುಗಳು ಮತ್ತೆ ಓಡಲಾರಂಭಿಸಿದಾಗ ಒಂದು ಬಸ್ಸಿಗೆ 30 ಜನ ಮಾತ್ರ ಎಂಬ ನಿಯಮವಿತ್ತು. ಇಂದು ಬೆಳಗಿನ ಬಸ್ಸಿನಲ್ಲಿ ಅಷ್ಟು ಅಂತರ ಸಿಗುವುದು ಕಷ್ಟ. ಆದರೆ ಈ ಕೆಳಗಿನವು ನಮ್ಮ ಕೈಯಲ್ಲೇ ಇವೆ:

1. ಕೆಮ್ಮು, ಶೀತ ಇದ್ದವರು ಮಾಸ್ಕ್ ಹಾಕಿಕೊಳ್ಳಿ. ಇಲ್ಲದಿದ್ದರೆ ಬೈರಾಸು, ಸೆರಗು ಅಥವಾ ಮಡಚಿದ ಮೊಣಕೈ ಅಡ್ಡ ಹಿಡಿಯಿರಿ. ಬರಿಯ ಅಂಗೈ ಬೇಡ.
2. ಕಿಟಕಿ ತೆರೆದಿರಲಿ. ಮಳೆಗಾಲದಲ್ಲಿ ಎರಚಲು ಬೀಳದ ಬದಿಯ ಕಿಟಕಿಯನ್ನಾದರೂ ಸ್ವಲ್ಪ ತೆರೆಯಿರಿ.
3. ಬಸ್ಸಿನಿಂದ ಇಳಿದ ಮೇಲೆ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ. ಅಲ್ಲಿಯವರೆಗೆ ಕಣ್ಣು, ಮೂಗು, ಬಾಯಿ ಮುಟ್ಟಬೇಡಿ.
4. ಎಲೆಯಡಿಕೆ ಜಗಿದು ಕಿಟಕಿಯಿಂದ ಉಗುಳಬೇಡಿ. ಬಾಳೆಬರೆ ಘಾಟಿಯಲ್ಲಿ ವಾಂತಿ ಬರುವವರು ಒಂದು ಚೀಲ ಇಟ್ಟುಕೊಳ್ಳಿ.
5. ಜ್ವರದ ಜೊತೆ ಮೈಮೇಲೆ ಗುಳ್ಳೆ, ದದ್ದು ಇದ್ದರೆ ಆಸ್ಪತ್ರೆಯ ಬಾಗಿಲಲ್ಲೇ ಸಿಬ್ಬಂದಿಗೆ ತಿಳಿಸಿ. ತಮ್ಮನ್ನು ಬೇರೆ ಕಡೆ ಕೂರಿಸುತ್ತಾರೆ.
6. ರೋಗಿಯ ಜೊತೆ ಒಬ್ಬರು ಬಂದರೆ ಸಾಕು. ಸಣ್ಣ ಮಕ್ಕಳನ್ನು ಕರೆತರಬೇಡಿ.

ಬಸ್ಸಿನಲ್ಲಿ ಹರಡದ ರೋಗಗಳೂ ಇವೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಕಾಡಿನ ಉಣುಗು ಕಚ್ಚುವುದರಿಂದ ಬರುತ್ತದೆ. ಡೆಂಗ್ಯೂ, ಮಲೇರಿಯಾ ಬರುವುದು ಸೊಳ್ಳೆಯಿಂದ. ಇಲಿಜ್ವರ ಬರುವುದು ಇಲಿಯಂತಹ ಪ್ರಾಣಿಗಳ ಮೂತ್ರ ಸೇರಿದ ನೀರು, ಕೆಸರಿನಿಂದ. ಇಂಥ ರೋಗಿಯ ಪಕ್ಕ ಕುಳಿತ ಮಾತ್ರಕ್ಕೆ ಇವು ಅಂಟುವುದಿಲ್ಲ. ಘಟ್ಟದ ಮೇಲಿನಿಂದ ಜ್ವರ ಬಂದವರೊಬ್ಬರು ಬಸ್ಸು ಹತ್ತಿದರೆ ಹೆದರಿ ದೂರ ಸರಿಯಬೇಡಿ, ಕುಳಿತುಕೊಳ್ಳಲು ಜಾಗ ಕೊಡಿ.

ಕ್ಷಯರೋಗದ ಬಗ್ಗೆ ಒಂದು ಮಾತು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಮದ್ದೂ ಉಚಿತ. 2024ರ ನವೆಂಬರ್‌ನಿಂದ ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ನೆರವು ನಿಗದಿಯಾಗಿದೆ. ಸರಿಯಾದ ಮದ್ದನ್ನು ಕ್ರಮವಾಗಿ ನುಂಗಿದರೆ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ರೋಗ ಇತರರಿಗೆ ಹರಡುವುದು ನಿಲ್ಲುತ್ತದೆ. ಹಾಗೆಂದು ನಡುವೆ ಮದ್ದು ಬಿಡಬಾರದು, ವೈದ್ಯರು ಹೇಳಿದಷ್ಟು ತಿಂಗಳು ಪೂರ್ತಿ ತೆಗೆದುಕೊಳ್ಳಬೇಕು.

ಇಲ್ಲೇ ನಾವೆಲ್ಲ ಯೋಚಿಸಬೇಕಾದ ವಿಷಯವಿದೆ. ಕೆಮ್ಮಿದವರನ್ನು ಕಂಡು ಮುಖ ಸಿಂಡರಿಸಿದರೆ, ಎದ್ದು ಹೋಗಿ ಎಂದರೆ, ಅವರು ಮುಂದಿನ ತಿಂಗಳು ಬಸ್ಸು ಹತ್ತಲು ಅಂಜುತ್ತಾರೆ. ಬರುವುದು ನಿಂತರೆ ಮದ್ದು ನಿಲ್ಲುತ್ತದೆ. ಮದ್ದು ನಿಂತರೆ ರೋಗ ಮತ್ತೆ ಕೆರಳುತ್ತದೆ, ಕೆಲವೊಮ್ಮೆ ಮಾಮೂಲಿ ಮದ್ದಿಗೆ ಬಗ್ಗದಂತಾಗುತ್ತದೆ. ಆಗ ಅಪಾಯ ಅವರ ಮನೆಯವರಿಗೂ ಊರಿಗೂ ಹೌದು. ನಮ್ಮ ಒಂದು ಒರಟು ಮಾತಿನಿಂದ ಇಷ್ಟೆಲ್ಲ ಆಗಬಹುದು. ಅದರ ಬದಲು ಕಿಟಕಿ ತೆರೆಯಿರಿ, ತಮ್ಮಲ್ಲಿ ಹೆಚ್ಚಿನ ಮಾಸ್ಕ್ ಇದ್ದರೆ ಕೊಡಿ, "ಬಾಯಿಗೆ ಬಟ್ಟೆ ಹಿಡಿದುಕೊಳ್ಳಿ ಅಣ್ಣ" ಎಂದು ಮೆಲ್ಲಗೆ ಹೇಳಿ.

ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ. ನಮ್ಮಿಂದ ಇನ್ನೊಬ್ಬರಿಗೆ ರೋಗ ತಗಲದಂತೆ ನೋಡಿಕೊಳ್ಳುವುದೂ, ರೋಗಿಯನ್ನು ಗೌರವದಿಂದ ಕಾಣುವುದೂ ಸೇವೆಯೇ. ತಾವು ಕೇಳಿದ್ದನ್ನು ಮನೆಯವರಿಗೂ ನೆರೆಯವರಿಗೂ ತಿಳಿಸಿ. ಎಲ್ಲರೂ ಬೇಗ ಗುಣಮುಖರಾಗಲಿ.